ಓಡಿದ್ದು ಕಡಿಮೆ, ನಿಂತಿದ್ದೇ ಜಾಸ್ತಿ: 370ಝಡ್ ಗೇರ್ ಆಯಿಲ್, ಡಿಫರೆನ್ಶಿಯಲ್ ಆಯಿಲ್, ಕ್ಲಚ್ ಫ್ಲೂಯಿಡ್ ಮನೆಯಲ್ಲೇ ಬದಲಿಸಬಹುದಾ?

ಝಡ್_ಟಿಳಕವಾಡಿ

ಕಾರು ನಿಸಾನ್ 370ಝಡ್, 2011ರ ಮಾಡೆಲ್, 6 ಗೇರಿನ ಮ್ಯಾನ್ಯುಯಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಮೀಟರಿನಲ್ಲಿ 20 ಸಾವಿರ ಕಿಲೋಮೀಟರ್ ಕೂಡ ಇಲ್ಲ. ಹಿಂದಿನ ಮಾಲೀಕರು ಓಡಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ ಅನ್ನಿಸುತ್ತದೆ.

ಸರ್ವಿಸ್ ಪುಸ್ತಕ ತೆಗೆದು ನೋಡಿದೆ. ಎಂಜಿನ್ ಆಯಿಲ್ ಪ್ರತಿ ವರ್ಷ ಬದಲಾಗಿದೆ. ಗೇರ್‌ಬಾಕ್ಸ್, ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಕ್ಲಚ್ ಬಗ್ಗೆ ಒಂದು ಸಾಲೂ ಇಲ್ಲ. ಅಂದರೆ ಫ್ಯಾಕ್ಟರಿಯಲ್ಲಿ ತುಂಬಿದ್ದೇ ಈಗಲೂ ಒಳಗಿದೆ ಅಂತ ಲೆಕ್ಕ.

ತೊಂದರೆ ದೊಡ್ಡದಲ್ಲ. ಬೆಳಿಗ್ಗೆ ಕಾರು ತಣ್ಣಗಿದ್ದಾಗ ಒಂದರಿಂದ ಎರಡನೇ ಗೇರ್ ಬಿಗಿ. ನಮ್ಮ ಬೆಳಗಾವಿಯ ಕಾಂಗ್ರೆಸ್ ರೋಡ್ ಮುಗಿಯುವ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತದೆ. ಇದಕ್ಕಾಗಿ ಪುಣೆಗೋ ಬೆಂಗಳೂರಿಗೋ ಒಯ್ಯುವ ಮನಸ್ಸಿಲ್ಲ. ಮನೆಯಲ್ಲಿ ಗ್ಯಾರೇಜ್ ಇದೆ, ಪಾನಾ ಸೆಟ್ ಇದೆ, ಎಂಜಿನ್ ಆಯಿಲ್ ನಾನೇ ಬದಲಿಸುತ್ತೇನೆ. ಇದನ್ನೂ ಮಾಡಬಹುದಾ? ಅಥವಾ ಇಷ್ಟು ಕಡಿಮೆ ಓಡಿದ ಗಾಡಿಗೆ ಸುಮ್ನೆ ಕೈ ಹಾಕದಿರುವುದೇ ಒಳ್ಳೆಯದಾ?

ಖಾನಾಪುರ_ಡೀಸೆಲ್

ಬಿಡ್ರಿ ಸರ್. 20 ಸಾವಿರ ಅಂದ್ರೆ ಇನ್ನೂ ಹೊಸ ಗಾಡಿ. ಗೇರ್ ಆಯಿಲ್ ಏನು ಎಂಜಿನ್ ಆಯಿಲ್ ಥರ ಬೆಂಕಿ ಪಕ್ಕದಲ್ಲಿ ಇರುತ್ತದಾ? ಮಸಿ ಬೀಳಲ್ಲ, ಪೆಟ್ರೋಲ್ ಸೇರಲ್ಲ. ನಮ್ಮ ಬೊಲೆರೋದಲ್ಲಿ ಲಕ್ಷ ದಾಟುವವರೆಗೆ ಯಾರೂ ಮುಟ್ಟಿರಲಿಲ್ಲ, ಏನೂ ಆಗಿಲ್ಲ. ಚೆನ್ನಾಗಿ ಇರುವುದನ್ನು ಬಿಚ್ಚಿ ಸೋರಿಕೆ ತಂದುಕೊಳ್ಳಬೇಡಿ.

ಗ್ಯಾರೇಜ್_ಕಾಕಾ

ತಮ್ಮಾ, ಬದಲಿಸು. ದೊಡ್ಡ ಕೆಲಸ ಅಲ್ಲ. ಇಪಿ 90 ಗೇರ್ ಆಯಿಲ್ ತಗೊಂಡು ಗೇರ್‌ಬಾಕ್ಸಿಗೂ ಹಾಕು, ಹಿಂದಿನ ಹೌಸಿಂಗಿಗೂ (ಡಿಫರೆನ್ಶಿಯಲ್ ಪೆಟ್ಟಿಗೆಗೂ) ಹಾಕು. ಲಾರಿ, ಜೀಪು, ಟ್ರ್ಯಾಕ್ಟರ್ ಎಲ್ಲಾ ಅದರ ಮೇಲೆಯೇ ಓಡಿವೆ.

ಚೋರ್ಲಾ_ಘಾಟಿ

ಕಾಕಾ, ಸ್ಪೋರ್ಟ್ಸ್ ಕಾರಿಗೆ ಟ್ರ್ಯಾಕ್ಟರ್ ಎಣ್ಣೆನಾ? 😄

ಉದ್ಯಮಬಾಗ_ಹೈಡ್ರಾಲಿಕ್

ನಾನು ಮೆಕ್ಯಾನಿಕ್ ಅಲ್ಲ. ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಪಂಪು, ಸಿಲಿಂಡರ್ ಮಾಡುವ ಘಟಕದಲ್ಲಿ ಕೆಲಸ. ದಿನಾ ಎಣ್ಣೆಯ ಜೊತೆಗೇ ಒಡನಾಟ. ಹಾಗಾಗಿ ಎಣ್ಣೆಯ ಕಡೆಯಿಂದ ಹೇಳುತ್ತೇನೆ.

ಮೂರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಅವು ಹಾಳಾಗುವ ರೀತಿ ಬೇರೆ ಬೇರೆ.

ಕ್ಲಚ್ ಫ್ಲೂಯಿಡ್‌ಗೆ ಕಿಲೋಮೀಟರ್ ಗೊತ್ತೇ ಇಲ್ಲ, ಅದಕ್ಕೆ ಕ್ಯಾಲೆಂಡರ್ ಮಾತ್ರ ಗೊತ್ತು. ಅದು ಬ್ರೇಕ್ ಫ್ಲೂಯಿಡೇ, ಗ್ಲೈಕಾಲ್ ಜಾತಿಯದು. ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 4 (ಡಾಟ್ ಅಂದರೆ ಈ ಫ್ಲೂಯಿಡಿನ ದರ್ಜೆ) ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ನಮ್ಮೂರಿನ ಮಳೆಗಾಲ ನಿಮಗೆ ಗೊತ್ತಲ್ಲ, ಜೂನಿನಲ್ಲಿ ಶುರುವಾದರೆ ಗೋಡೆ ಒಣಗುವುದು ದಸರಾ ಹೊತ್ತಿಗೆ. ಅಂಥ ಎಷ್ಟು ಮಳೆಗಾಲ ಈ ಕಾರು ಒಂದೇ ಕಡೆ ನಿಂತು ಕಳೆದಿದೆ ಯೋಚಿಸಿ.

ಇನ್ನೊಂದು ಮಾತು. ಈ ಕಾರಿನಲ್ಲಿ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಭಾಗ) ಹೊರಗಡೆ ಇಲ್ಲ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಒಳಗೆ ಶಾಫ್ಟ್ ಸುತ್ತ ಕೂತಿರುತ್ತದೆ. ಅದು ಕೆಟ್ಟರೆ ಗೇರ್‌ಬಾಕ್ಸ್ ಇಳಿಸಬೇಕು. ಒಂದು ಡಬ್ಬಿ ಫ್ಲೂಯಿಡ್ ಎಷ್ಟು, ಗೇರ್‌ಬಾಕ್ಸ್ ಇಳಿಸುವ ಕೂಲಿ ಎಷ್ಟು, ಲೆಕ್ಕ ಹಾಕಿ.

ಗೇರ್ ಆಯಿಲ್ ವಿಷಯದಲ್ಲಿ ಖಾನಾಪುರದವರ ಮಾತು ಅರ್ಧ ಸರಿ. ಮುಚ್ಚಿದ ಪೆಟ್ಟಿಗೆಯಲ್ಲಿ, ಕಡಿಮೆ ಶಾಖದಲ್ಲಿ, ಎಣ್ಣೆ ಬೇಗ ಮುಪ್ಪಾಗಲ್ಲ. ಆದರೆ ಹೊಸ ಗೇರುಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಬೀಳುವ ಲೋಹದ ಪುಡಿ ಮೊದಲ ಕೆಲವು ಸಾವಿರ ಕಿಲೋಮೀಟರಿನಲ್ಲೇ ಜಾಸ್ತಿ. ಆ ಪುಡಿ ಅಲ್ಲೇ ಸುತ್ತುತ್ತಿದೆ. ಗೇರ್‌ಬಾಕ್ಸಿನಲ್ಲಿ ಎಂಜಿನ್ನಿನ ಹಾಗೆ ಫಿಲ್ಟರ್ ಇಲ್ಲ. ನಮ್ಮ ಘಟಕದಲ್ಲಿ ಹೊಸ ಬ್ಯಾರಲ್ ಎಣ್ಣೆಯನ್ನು ಕೂಡ ಸೋಸದೆ ಟ್ಯಾಂಕಿಗೆ ಬಿಡಲ್ಲ.

ಡಿಫರೆನ್ಶಿಯಲ್ ಇವೆರಡರ ನಡುವೆ. ಅದಕ್ಕೆ ಮೇಲೆ ಒಂದು ಬ್ರೀದರ್ (ಗಾಳಿ ಹೋಗಿ ಬರುವ ಸಣ್ಣ ದಾರಿ) ಇರುತ್ತದೆ. ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹೊರಗೆ ಹೋಗುತ್ತದೆ, ನಿಂತಾಗ ತಣ್ಣಗಾಗಿ ಹೊರಗಿನ ಒದ್ದೆ ಗಾಳಿ ಒಳಗೆ ಬರುತ್ತದೆ. ದೂರ ಓಡಿದರೆ ಆ ತೇವ ಆರಿ ಹೋಗುತ್ತದೆ. ಟಿಳಕವಾಡಿಯಿಂದ ಕ್ಯಾಂಪಿಗೆ ಹೋಗಿ ಬಂದರೆ ಡಿಫರೆನ್ಶಿಯಲ್ ಉಗುರು ಬೆಚ್ಚಗೂ ಆಗಲ್ಲ.

ಝಡ್_ಟಿಳಕವಾಡಿ

ಸರ್, ಇದು ಗೊತ್ತಿರಲಿಲ್ಲ. ಮೂರನ್ನೂ ಒಂದೇ ಭಾನುವಾರ ಮುಗಿಸಿಬಿಡಲಾ?

ಉದ್ಯಮಬಾಗ_ಹೈಡ್ರಾಲಿಕ್

ಬೇಡ. ಒಂದೊಂದೇ ಮಾಡಿ. ನಡುವೆ ಕೆಲವು ದಿನ ಓಡಿಸಿ. ಮೂರನ್ನೂ ಒಟ್ಟಿಗೆ ಬದಲಿಸಿ ಗೇರ್ ನಯ ಆದರೆ ಯಾವುದರಿಂದ ಆಯಿತು ಅಂತ ನಿಮಗೆ ಎಂದೂ ಗೊತ್ತಾಗಲ್ಲ. ಮೊದಲು ಕ್ಲಚ್. ಅದಕ್ಕೆ ಕಾರನ್ನು ನಾಲ್ಕೂ ಕಡೆ ಎತ್ತುವ ತಾಪತ್ರಯವೂ ಇಲ್ಲ.

ಚೋರ್ಲಾ_ಘಾಟಿ

ಎಣ್ಣೆ ಯಾವುದು ಅಂತ ಯಾರೂ ಹೇಳಲಿಲ್ಲ. ನಿಸಾನ್ ಪುಸ್ತಕದಲ್ಲಿ ಗೇರ್‌ಬಾಕ್ಸಿಗೆ 75ಡಬ್ಲ್ಯೂ-85, ಜಿಎಲ್-4 ಅಂತ ಇದೆ (ಮೊದಲನೆಯದು ಎಣ್ಣೆಯ ದಪ್ಪ, ಜಿಎಲ್ ಅಂದರೆ ಒತ್ತಡ ತಡೆಯುವ ದರ್ಜೆ). ಡಿಫರೆನ್ಶಿಯಲ್‌ಗೆ 80ಡಬ್ಲ್ಯೂ-90, ಜಿಎಲ್-5. ಎರಡಕ್ಕೂ ಜಿಎಲ್-5 ಹಾಕಿದರೆ ಏನಾಗುತ್ತದೆ? ಅಂಗಡಿಯವರು 'ಐದು ನಾಲ್ಕಕ್ಕಿಂತ ದೊಡ್ಡದು, ಒಳ್ಳೆಯದು' ಅನ್ನುತ್ತಾರೆ.

ಉದ್ಯಮಬಾಗ_ಹೈಡ್ರಾಲಿಕ್

ಅಂಗಡಿಯವರ ಗಣಿತ ಸರಿ, ಎಣ್ಣೆ ಸರಿ ಇಲ್ಲ.

ಡಿಫರೆನ್ಶಿಯಲ್‌ನಲ್ಲಿ ಇರುವುದು ಹೈಪಾಯ್ಡ್ ಗೇರ್. ಅದರ ಹಲ್ಲುಗಳು ಬರೀ ಉರುಳುವುದಿಲ್ಲ, ಭಾರೀ ಒತ್ತಡದಲ್ಲಿ ಜಾರುತ್ತವೆ. ಸಾಮಾನ್ಯ ಎಣ್ಣೆಯ ಪದರ ಅಲ್ಲಿ ನಿಲ್ಲಲ್ಲ. ಅದಕ್ಕೇ ಗಂಧಕ, ರಂಜಕ ಸೇರಿದ ರಾಸಾಯನಿಕ ಹಾಕುತ್ತಾರೆ. ಗೇರ್ ಆಯಿಲಿನ ಆ ಕೆಟ್ಟ ವಾಸನೆ ಬರುವುದು ಅದರಿಂದಲೇ. ಜಿಎಲ್-5ರಲ್ಲಿ ಈ ಅಂಶ ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು.

ಗೇರ್‌ಬಾಕ್ಸಿನ ಕಥೆ ಬೇರೆ. ಸಿಂಕ್ರೋ ರಿಂಗಿನ ಕೆಲಸವೇ ಉಜ್ಜಿ ಹಿಡಿಯುವುದು. ಎರಡು ಗೇರುಗಳ ವೇಗ ಸಮ ಮಾಡಿ ಆಮೇಲೆ ಒಳಗೆ ಬಿಡಬೇಕು. ಎಣ್ಣೆ ಜಾರುವುದು ಜಾಸ್ತಿ ಆದರೆ ರಿಂಗ್ ಹಿಡಿಯಲ್ಲ, ಗೇರ್ ಕರ್ ಅನ್ನುತ್ತದೆ. ಜೊತೆಗೆ ಹಳೆ ಕಾಲದ ಜಿಎಲ್-5 ಗಂಧಕ ಬಿಸಿಯಲ್ಲಿ ಸಿಂಕ್ರೋ ರಿಂಗಿನ ಹಿತ್ತಾಳೆಯನ್ನು ತಿನ್ನುತ್ತಿತ್ತು. ಈಗಿನ ಒಳ್ಳೆಯ ಎಣ್ಣೆಗಳು ತಾಮ್ರದ ಪಟ್ಟಿಯ ಪರೀಕ್ಷೆ ಪಾಸಾಗಿರುತ್ತವೆ. ತಾಮ್ರದ ಪಟ್ಟಿಯನ್ನು 121 ಡಿಗ್ರಿ ಎಣ್ಣೆಯಲ್ಲಿ 3 ತಾಸು ಮುಳುಗಿಸಿ ಬಣ್ಣ ನೋಡುತ್ತಾರೆ. ಹಾಗಾಗಿ ತಿನ್ನುವ ಭಯ ಮೊದಲಿನಷ್ಟಿಲ್ಲ. ಆದರೆ ಸಿಂಕ್ರೋ ಹಿಡಿತದ ಪ್ರಶ್ನೆ ಹಾಗೇ ಇದೆ. ಪುಸ್ತಕ ಜಿಎಲ್-4 ಅಂದರೆ ಜಿಎಲ್-4 ಹಾಕಿ, ಮುಗಿಯಿತು. ನಿಸಾನ್ ತನ್ನದೇ ಎಣ್ಣೆ ಕೊಡುತ್ತದೆ. ಹೊರಗಿನದು ಬೇಕೆಂದರೆ ರೆಡ್ ಲೈನ್ ಎಂಟಿ-85 ಇದೇ ಗ್ರೇಡು, ಆದರೆ ತರಿಸಬೇಕು.

ಖಾನಾಪುರ_ಡೀಸೆಲ್

85, 90 ಅಂದ್ರೆ ಎಂಜಿನ್ ಆಯಿಲ್ 50ಕ್ಕಿಂತ ಎಷ್ಟು ದಪ್ಪ ಆಯ್ತು! ಅದಕ್ಕೇ ಇವರ ಗೇರ್ ಬೆಳಿಗ್ಗೆ ಬಿಗಿ ಇರಬೇಕು.

ಉದ್ಯಮಬಾಗ_ಹೈಡ್ರಾಲಿಕ್

ಅಣ್ಣಾ, ಎರಡು ಬೇರೆ ಬೇರೆ ಪಟ್ಟಿ. ಎಂಜಿನ್ ಆಯಿಲ್ ನಂಬರ್ ಒಂದು ಅಳತೆ, ಗೇರ್ ಆಯಿಲ್ ನಂಬರ್ ಇನ್ನೊಂದು. 100 ಡಿಗ್ರಿಯಲ್ಲಿ ಅಳೆದರೆ ಗೇರ್ ಆಯಿಲ್ 90 ಅಂದರೆ 13.5ರಿಂದ 18.5 ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ಅಳತೆ). ಎಂಜಿನ್ ಆಯಿಲ್ 40 ಅಂದರೆ 12.5ರಿಂದ 16.3. ನೋಡಿ, ಹತ್ತಿರ ಹತ್ತಿರ ಒಂದೇ. 85 ಅಂದರೆ 11ರಿಂದ 13.5, ಅದು ಇನ್ನೂ ತೆಳು.

ಬಿಗಿ ಇರುವುದರಲ್ಲಿ ಮುಂದಿನ 'ಡಬ್ಲ್ಯೂ' ನಂಬರಿನ ಪಾಲೂ ಇದೆ, ಚಳಿಯಲ್ಲಿನ ದಪ್ಪ ಹೇಳುವುದು ಅದೇ. ಕಾಕಾ ಹೇಳಿದ ಬರೀ 90 ಎಣ್ಣೆ ಡಿಸೆಂಬರ್ ಬೆಳಿಗ್ಗೆ 75ಡಬ್ಲ್ಯೂಗಿಂತ ಬಹಳ ಗಟ್ಟಿಯಾಗಿರುತ್ತದೆ. ಎರಡನೇ ಗೇರ್ ಈಗಿನದಕ್ಕಿಂತ ಕೆಟ್ಟದಾಗುತ್ತದೆ.

ಗ್ಯಾರೇಜ್_ಕಾಕಾ

ಖರೆ. ಹಳೇ ಜೀಪಿನಲ್ಲಿ ಚಳಿಗಾಲ ಬೆಳಿಗ್ಗೆ ಎರಡನೇ ಗೇರ್ ಹಾಕಲು ಎರಡು ಸಲ ಕ್ಲಚ್ ತುಳಿಯುತ್ತಿದ್ದೆವು. ಅದು ಗಾಡಿಯ ಗುಣ ಅಂತಲೇ ತಿಳಿದಿದ್ದೆವು. ಪುಸ್ತಕದಲ್ಲಿ ಇದ್ದದ್ದೇ ಹಾಕು ತಮ್ಮಾ.

ಆದರೆ ಒಂದು ಮಾತು ಪುಸ್ತಕ ಓದುವವರು ಮರೆಯುತ್ತಾರೆ. ಕೆಳಗಿನ ಡ್ರೇನ್ ಬೋಲ್ಟ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚು. ಅದು ಬಿಚ್ಚಿ ಬಂದ ಮೇಲೆಯೇ ಕೆಳಗಿನದು. ಹತ್ತು ಹದಿನೈದು ವರ್ಷ ಯಾರೂ ಮುಟ್ಟದ ಬೋಲ್ಟ್ ಅದು. ಎಣ್ಣೆ ಎಲ್ಲಾ ಇಳಿಸಿ ಆಮೇಲೆ ಫಿಲ್ಲರ್ ಬಿಚ್ಚದೆ ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ, ವರ್ಕ್‌ಶಾಪಿಗೆ ಓಡಿಸಿಕೊಂಡು ಹೋಗಲೂ ಆಗಲ್ಲ. ಬೋಲ್ಟಿನ ತೂತಿನಲ್ಲಿ ಮಣ್ಣು ಕೂತಿರುತ್ತದೆ. ಮೊದಲು ಮೊಳೆಯಿಂದ ಕೆರೆದು ತೆಗೆ, ಆಲನ್ ಕೀ ಪೂರ್ತಿ ಒಳಗೆ ಕೂರಬೇಕು. ಅರ್ಧ ಕೂತರೆ ಮೂಲೆ ತಿರುವಿ ಹೋಗುತ್ತದೆ.

ಚೋರ್ಲಾ_ಘಾಟಿ

ಈ ಥ್ರೆಡ್‌ನಲ್ಲಿ ಇಲ್ಲಿಯವರೆಗೆ ಬಂದ ಮಾತುಗಳಲ್ಲಿ ಇದಕ್ಕೆ ನನ್ನ ಓಟು.

ಝಡ್_ಟಿಳಕವಾಡಿ

ಕಾಕಾ, ಬರೆದಿಟ್ಟುಕೊಂಡೆ. ಇನ್ನೊಂದು ಪ್ರಶ್ನೆ. ಗ್ಯಾರೇಜ್ ನೆಲ ಶಹಾಬಾದ್ ಫರ್ಶಿ. ಜಾಕ್ ಸ್ಟ್ಯಾಂಡ್ ನಾಲ್ಕು ಇವೆ. ಆದರೆ ಕಾರು ಎಷ್ಟು ತಗ್ಗು ಅಂದರೆ ಟ್ರಾಲಿ ಜಾಕ್ ಕೆಳಗೆ ಹೋಗುವುದೇ ಇಲ್ಲ.

ಅನಗೋಳ_ಬುಲೆಟ್

ಜಾಕ್ ಹೋಗದಿದ್ದರೆ ಮೊದಲು ಚಕ್ರಗಳನ್ನು ಅಗಲ ಹಲಗೆಯ ಮೇಲೆ ಹತ್ತಿಸಿ. ಒಂದೂವರೆ ಇಂಚು ಸಿಕ್ಕರೂ ಸಾಕು.

ಫರ್ಶಿ ಬಗ್ಗೆ ಹುಷಾರು. ಕೆಳಗೆ ಎಲ್ಲಾದರೂ ಪೊಳ್ಳು ಇದ್ದರೆ ಸ್ಟ್ಯಾಂಡಿನ ಕಾಲು ಒತ್ತಿದ ಜಾಗದಲ್ಲೇ ಕಲ್ಲು ಸೀಳುತ್ತದೆ. ನಾಣ್ಯದಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದ ಕಡೆ ಸ್ಟ್ಯಾಂಡ್ ಇಡಬೇಡಿ. ಗಟ್ಟಿ ಜಾಗದಲ್ಲೂ ಕೆಳಗೆ ದಪ್ಪ ಪ್ಲೈವುಡ್ ತುಂಡು ಹಾಕಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ಹೋಗುವ ಯೋಚನೆ ಕನಸಿನಲ್ಲೂ ಬೇಡ. ಅವು ಬಾಗುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಕಾರು ಎತ್ತಿದ ಮೇಲೆ ಒಳಗೆ ಹೋಗುವ ಮುಂಚೆ ಪಕ್ಕದಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಮನೆಯಲ್ಲಿ ಯಾರಾದರೂ ಇರುವಾಗಲೇ ಮಾಡಿ.

ಗ್ಯಾರೇಜ್_ಕಾಕಾ

ನಾಲ್ಕೂ ಕಡೆ ಎತ್ತು, ಕಾರು ಮಟ್ಟಸ ಇರಬೇಕು. ಎಣ್ಣೆಯ ಲೆವೆಲ್ ಅಂದರೆ ಫಿಲ್ಲರ್ ತೂತಿನ ಕೆಳ ಅಂಚು. ಹಿಂದೆ ಮಾತ್ರ ಎತ್ತಿದರೆ ಎಣ್ಣೆ ಮುಂದಕ್ಕೆ ಹೋಗುತ್ತದೆ, ಹಿಂದಿನ ತೂತಿನಿಂದ ಹೊರಬರುವ ಹೊತ್ತಿಗೆ ಬೇಕಾದ್ದಕ್ಕಿಂತ ಜಾಸ್ತಿ ತುಂಬಿರುತ್ತದೆ. ಜಾಸ್ತಿಯಾದ ಎಣ್ಣೆ ಆಮೇಲೆ ಸೀಲಿನಿಂದ ಹೊರಗೆ ಬರುತ್ತದೆ. ಆಗ 'ಹೊಸ ಎಣ್ಣೆ ಹಾಕಿದ್ದಕ್ಕೆ ಸೋರುತ್ತಿದೆ' ಅಂತ ಖಾನಾಪುರದವರು ಹೇಳುತ್ತಾರೆ.

ಮಟ್ಟ ನೋಡಲು ಗೌಂಡಿಗಳ ನೀರಿನ ಪೈಪ್ ಸಾಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಒಂದು ತುದಿ ಮುಂದೆ, ಒಂದು ಹಿಂದೆ. ಎರಡೂ ಕಡೆ ನೀರಿನಿಂದ ಬಾಡಿಯ ಕೆಳ ಅಂಚಿಗೆ ಅಳತೆ ತಗೋ. ಫೋನಿನ ಆಪ್‌ಗಿಂತ ಅದನ್ನೇ ನಂಬು.

ಆರ್‌ಎಸ್_230

ನಡುವೆ ನುಗ್ಗುತ್ತಿದ್ದೇನೆ, ಕ್ಷಮಿಸಿ. ನನ್ನದು 2017ರ ಆಕ್ಟೇವಿಯಾ ಆರ್‌ಎಸ್, 6 ಗೇರಿನ ಡಿಎಸ್‌ಜಿ. ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 30 ಸಾವಿರ ಓಡಿದೆ. ನಾನೂ ಹೀಗೇ ಮನೆಯಲ್ಲಿ ಮಾಡಬಹುದಾ?

ಉದ್ಯಮಬಾಗ_ಹೈಡ್ರಾಲಿಕ್

ನಿಮ್ಮದು ಹೀಗಲ್ಲ. ಆ ಡಿಎಸ್‌ಜಿಯ ಕ್ಲಚ್‌ಗಳು ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಅದೇ ಎಣ್ಣೆ ಗೇರಿಗೂ, ವಾಲ್ವುಗಳಿಗೂ. ಕಂಪನಿ 60 ಸಾವಿರಕ್ಕೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಲು ಹೇಳುತ್ತದೆ. ಲೆವೆಲ್ ನೋಡಬೇಕಾದರೆ ಎಂಜಿನ್ ಚಾಲೂ ಇರಬೇಕು, ಎಣ್ಣೆಯ ಶಾಖ 35ರಿಂದ 45 ಡಿಗ್ರಿ ಒಳಗೆ ಇರಬೇಕು. ಅದನ್ನು ಓದಲು ಸ್ಕ್ಯಾನರ್ ಬೇಕು. ತುಂಬುವುದೂ ಕೆಳಗಿನಿಂದಲೇ, ಅಡಾಪ್ಟರ್ ಹಾಕಿ. ಸ್ಕ್ಯಾನರ್ ಇದ್ದರೆ, ತಾಳ್ಮೆ ಇದ್ದರೆ ಆಗುತ್ತದೆ. ಇಲ್ಲದಿದ್ದರೆ ಗೊತ್ತಿರುವವರಿಗೆ ಕೊಡಿ. ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ಮಾತಾಡೋಣ.

ಝಡ್_ಟಿಳಕವಾಡಿ

ಕ್ಲಚ್ ಮುಗಿಯಿತು. ವರದಿ ಕೊಡುತ್ತೇನೆ.

ಕ್ಲಚ್‌ಗೆ ಬೇರೆಯೇ ಪುಟ್ಟ ಡಬ್ಬಿ ಇದೆ. ಮುಚ್ಚಳ ತೆಗೆದರೆ ಒಳಗೆ ಕಪ್ಪು ಚಹಾ. ಹೊಸ ಫ್ಲೂಯಿಡ್ ಸುಮಾರು ಜೇನಿನ ಬಣ್ಣ ಇರಬೇಕಲ್ಲ, ಇದರಲ್ಲಿ ಡಬ್ಬಿಯ ತಳವೇ ಕಾಣುತ್ತಿರಲಿಲ್ಲ. ಸಿರಿಂಜಿನಿಂದ ಎಳೆದು ತೆಗೆದು, ಲಿಂಟ್ ಬಿಡದ ಬಟ್ಟೆಯಿಂದ ಒರೆಸಿ, ಹೊಸ ಡಾಟ್ 4 ತುಂಬಿದೆ. ಪುಸ್ತಕ ಡಾಟ್ 3 ಅನ್ನುತ್ತದೆ. ಡಾಟ್ 4 ಅದೇ ಗ್ಲೈಕಾಲ್ ಜಾತಿ, ಕುದಿಯುವ ಶಾಖ ಜಾಸ್ತಿ, ಹಾಗಾಗಿ ತೊಂದರೆ ಇಲ್ಲ. ಡಾಟ್ 5 ಮಾತ್ರ ಯಾರೂ ತರಬೇಡಿ, ಅದು ಸಿಲಿಕೋನ್, ಇದಕ್ಕೆ ಸೇರಲ್ಲ. ಹೆಸರು ಹತ್ತಿರ ಇದ್ದರೂ ಡಾಟ್ 5.1 ಬೇರೆ, ಅದು ಗ್ಲೈಕಾಲೇ.

ಪೆಡಲಿನ ಮೇಲೆ ತಂಗಿಯ ಮಗನನ್ನು ಕೂರಿಸಿದೆ. ನಾನು ಕೆಳಗೆ ಬ್ಲೀಡ್ ನಿಪ್ಪಲ್ (ಹಳೆ ಫ್ಲೂಯಿಡ್, ಗಾಳಿ ಹೊರಗೆ ಬಿಡುವ ತಿರುಪು) ಹತ್ತಿರ. 'ತುಳಿ' ಅಂದರೆ ತುಳಿದು ಹಿಡಿಯಬೇಕು, ನಾನು ನಿಪ್ಪಲ್ ತೆರೆದು ಮುಚ್ಚಿದ ಮೇಲೆ 'ಬಿಡು' ಅಂದಾಗಲೇ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಒಳಗೆ. ನಡುನಡುವೆ ಮೇಲಿನ ಡಬ್ಬಿ ನೋಡುತ್ತಿದ್ದೆವು, ಅದು ಖಾಲಿಯಾದರೆ ಮತ್ತೆ ಮೊದಲಿನಿಂದ. ಹೊರಗೆ ಬರುವುದು ತಿಳಿಯಾಗಲು ಬಹಳ ಹೊತ್ತು ಬೇಕಾಯಿತು. ಅವನು 'ಮಾಮಾ, ಕಾಲು ಸೋತಿತು' ಅನ್ನುವವರೆಗೆ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡಿದ್ದೆವು. ಈ ಫ್ಲೂಯಿಡ್ ಬಣ್ಣದ ಮೇಲೆ ಬಿದ್ದರೆ ಬಣ್ಣ ತಿನ್ನುತ್ತದೆ. ಒರೆಸುವುದಲ್ಲ, ತಕ್ಷಣ ನೀರು ಹೊಯ್ದು ತೊಳೆಯಬೇಕು.

ಫಲ: ಪೆಡಲ್ ಹಿಡಿಯುವ ಜಾಗ ಸ್ವಲ್ಪ ಮೇಲೆ ಬಂತು. ಮತ್ತೆ, ಇದು ಆಶ್ಚರ್ಯ, ಬೆಳಗಿನ ಎರಡನೇ ಗೇರ್ ಅರ್ಧಕ್ಕರ್ಧ ಸಡಿಲ ಆಯಿತು. ಗೇರ್ ಆಯಿಲ್ ಇನ್ನೂ ಮುಟ್ಟೇ ಇಲ್ಲ!

ಉದ್ಯಮಬಾಗ_ಹೈಡ್ರಾಲಿಕ್

ಇದಕ್ಕೇ ಒಂದೊಂದಾಗಿ ಮಾಡಿ ಅಂದಿದ್ದು. ಪೈಪಿನಲ್ಲಿ ಸ್ವಲ್ಪ ಗಾಳಿ ಇದ್ದಿರಬೇಕು, ಅದು ಅದುಮಿಕೊಳ್ಳುತ್ತದೆ. ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಪ್ಲೇಟ್ ಪೂರ್ತಿ ಬಿಡುತ್ತಿರಲಿಲ್ಲ. ಆಗ ಸಿಂಕ್ರೋ ಎಂಜಿನ್ನಿನ ಜೊತೆ ಜಗಳ ಆಡಬೇಕಾಗುತ್ತದೆ. ಬೈಯಿಸಿಕೊಳ್ಳುವುದು ಗೇರ್ ಆಯಿಲ್. ಎಲ್ಲಾ ಒಂದೇ ದಿನ ಬದಲಿಸಿದ್ದರೆ ನೀವು ಈಗ ಯಾವುದೋ ದುಬಾರಿ ಗೇರ್ ಆಯಿಲ್ ಬಗ್ಗೆ ಹೊಗಳಿ ಬರೆಯುತ್ತಿದ್ದಿರಿ.

ಗೇರ್ ಆಯಿಲ್, ಡಿಫರೆನ್ಶಿಯಲ್ ಆಯಿಲ್ ಇಳಿಸುವಾಗ ಸ್ವಲ್ಪ ಸ್ಯಾಂಪಲ್ ಎತ್ತಿಡಿ. ಎರಡು ಬೇರೆ ಬಾಟಲಿ, ಮೇಲೆ ಹೆಸರು. ನೀರು ಇದೆಯಾ ನೋಡೋಣ. ನಮ್ಮಲ್ಲಿ ಹಾಟ್ ಪ್ಲೇಟ್ ಇದೆ. 160 ಡಿಗ್ರಿ ಕಾಯಿಸಿ ಒಂದು ಹನಿ ಬಿಡುತ್ತೇವೆ. ನೀರು ಇಲ್ಲದಿದ್ದರೆ ಎಣ್ಣೆ ಸುಮ್ನೆ ಹರಡುತ್ತದೆ. ಇದ್ದರೆ ಗುಳ್ಳೆ ಬರುತ್ತದೆ, ಚಟಪಟ ಅನ್ನುತ್ತದೆ.

ಖಾನಾಪುರ_ಡೀಸೆಲ್

ಇದನ್ನು ನಾನೂ ನೋಡಬೇಕು. ನೀರು ಇಲ್ಲ ಅಂತ ಬಂದರೆ ಬದಲಿಸಿದ್ದು ದಂಡ ಅಂತ ಒಪ್ಪುತ್ತೀರಾ?

ಉದ್ಯಮಬಾಗ_ಹೈಡ್ರಾಲಿಕ್

ನೀರಿನ ಮಟ್ಟಿಗೆ ಒಪ್ಪುತ್ತೇನೆ. ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಏನಿದೆ ಅಂತ ನೋಡಿದ ಮೇಲೆ ಉಳಿದದ್ದು.

ಝಡ್_ಟಿಳಕವಾಡಿ

ಎರಡೂ ಮುಗಿದವು. ಬೇರೆ ಬೇರೆ ವಾರ ಮಾಡಿದೆ. ಒಟ್ಟಿಗೇ ಬರೆಯುತ್ತೇನೆ.

ಗೇರ್‌ಬಾಕ್ಸ್. ಕಾಂಗ್ರೆಸ್ ರೋಡ್ ದಾಟಿ ಹೈವೇವರೆಗೆ ಓಡಿಸಿ ಬೆಚ್ಚಗೆ ಮಾಡಿಕೊಂಡು ಬಂದೆ. ಸೈಲೆನ್ಸರ್ ತಣ್ಣಗಾಗಲು ಸ್ವಲ್ಪ ಕಾದೆ, ಅದು ಪಕ್ಕದಲ್ಲೇ ಹಾದು ಹೋಗುತ್ತದೆ. ನಾಲ್ಕು ಸ್ಟ್ಯಾಂಡ್, ಪ್ಲೈವುಡ್, ಗೌಂಡಿ ಪೈಪು. ಮೊದಲು ಮುಂಭಾಗ ಒಂದು ಬೆರಳು ಎತ್ತರ ಬಂತು, ಸರಿಮಾಡಿದೆ. ಫಿಲ್ಲರ್ ಬೋಲ್ಟ್ ಮೊದಲು. ಕಾಕಾ ಹೇಳಿದ ಹಾಗೆ ಮಣ್ಣು ಕೆರೆದ ಮೇಲೆ ಕೀ ಪೂರ್ತಿ ಕೂತಿತು. ಆದರೂ ಉದ್ದನೆ ಪೈಪ್ ಹಾಕಿ ಎಳೆಯಬೇಕಾಯಿತು. ಟಪ್ ಅಂತ ಬಿಟ್ಟಾಗ ಜೀವ ಬಂತು.

ಇಳಿದ ಎಣ್ಣೆ ಕಂದು ಬಣ್ಣ, ಹಾಲಿನ ಛಾಯೆ ಇಲ್ಲ. ಬಿಸಿಲಿಗೆ ಹಿಡಿದರೆ ಒಳಗೆ ಸಣ್ಣ ಹೊಳಪು. ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಮೆತ್ತನೆ ಕೆಸರು, ಬೆರಳಲ್ಲಿ ತಿಕ್ಕಿದರೆ ಚುಚ್ಚಲ್ಲ. ತುಂಬಿಸಲು ಎಂಜಿನ್ ಕಡೆಯಿಂದ ಪಾರದರ್ಶಕ ಪೈಪ್ ಕೆಳಗೆ ಬಿಟ್ಟು ಫನೆಲ್ ಹಾಕಿದೆ. ಎಣ್ಣೆ ಡಬ್ಬಿಗಳನ್ನು ಮೊದಲೇ ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟಿದ್ದೆ, ಸಲೀಸಾಗಿ ಇಳಿಯಿತು. ಮೂರು ಲೀಟರ್ ಹತ್ತಿರ ಹಿಡಿಯಿತು.

ಡಿಫರೆನ್ಶಿಯಲ್‌ಗೆ ಮೇಲಿನಿಂದ ಪೈಪ್ ಬಿಡಲು ದಾರಿ ಇಲ್ಲ. ಕೈ ಪಂಪ್ ತಂದೆ. 1.4 ಲೀಟರ್. ಹೊಸ ಪಂಪಿನೊಳಗೂ ಧೂಳು ಇರುತ್ತದೆ, ಮೊದಲು ಸ್ವಲ್ಪ ಹೊಸ ಎಣ್ಣೆ ಎಳೆದು ಹೊರಗೆ ಚೆಲ್ಲಿದೆ. ಇಳಿದ ಎಣ್ಣೆ ಗೇರ್‌ಬಾಕ್ಸಿನದಕ್ಕಿಂತ ಕಪ್ಪು. ವಾಸನೆ ಬಗ್ಗೆ ಹೇಳಲೇಬೇಕು: ಆ ಅಂಗಿಯನ್ನು ಮನೆಯೊಳಗೆ ತರಬೇಡಿ ಅಂತ ಅಪ್ಪಣೆ ಆಗಿದೆ.

ವಾಷರ್ ಎಲ್ಲಾ ಹೊಸವು. ಬೋಲ್ಟ್‌ಗಳನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುವ ಟಾರ್ಕ್‌ಗೇ ಬಿಗಿದೆ. ಗೇರ್‌ಬಾಕ್ಸ್ ಅಲ್ಯೂಮಿನಿಯಂ, ಬಿಚ್ಚುವಾಗ ಹಾಕಿದ ಜೋರನ್ನೇ ಬಿಗಿಯುವಾಗ ಹಾಕಿದರೆ ಥ್ರೆಡ್ ಹೋಗುತ್ತದೆ.

ಚೋರ್ಲಾ_ಘಾಟಿ

ಡಿಫರೆನ್ಶಿಯಲ್‌ನಲ್ಲಿ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ನೆ ತಿರುಗದಂತೆ ತಡೆಯುವ ವ್ಯವಸ್ಥೆ) ಇದೆ ಅಲ್ವಾ? ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ (ಘರ್ಷಣೆ ಹದ ಮಾಡುವ ರಾಸಾಯನಿಕ) ಹಾಕಿದಿರಾ?

ಝಡ್_ಟಿಳಕವಾಡಿ

ಇಲ್ಲ, ಬೇಕಾಗಿಲ್ಲ. ಇದರಲ್ಲಿರುವುದು ವಿಸ್ಕಸ್ ಜಾತಿ. ಅದರ ಸಿಲಿಕೋನ್ ದ್ರವ ಬೇರೆ ಪೆಟ್ಟಿಗೆಯಲ್ಲಿ ಮುಚ್ಚಿರುತ್ತದೆ, ಗೇರ್ ಆಯಿಲಿಗೂ ಅದಕ್ಕೂ ಸಂಬಂಧ ಇಲ್ಲ. ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿ ಆದರೆ ಆ ಮಾಡಿಫೈಯರ್ ವಿಷಯ ಬರುತ್ತದೆ. ಅಂಗಡಿಯವರು ಒಂದು ಬಾಟಲಿ ಕೊಡಲು ಬಹಳ ಒತ್ತಾಯ ಮಾಡಿದರು.

ಉದ್ಯಮಬಾಗ_ಹೈಡ್ರಾಲಿಕ್

ಹಾಟ್ ಪ್ಲೇಟ್ ವರದಿ. ಗೇರ್‌ಬಾಕ್ಸ್ ಎಣ್ಣೆ: ಏನೂ ಇಲ್ಲ. ಹನಿ ಬಿತ್ತು, ಹರಡಿತು, ಸ್ವಲ್ಪ ಹೊಗೆ ಬಂತು. ಖಾನಾಪುರದ ಅಣ್ಣಾರಿಗೆ ಒಂದು ಪಾಯಿಂಟ್.

ಡಿಫರೆನ್ಶಿಯಲ್ ಎಣ್ಣೆ: ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು ತಕ್ಷಣ ಅಡಗಿದವು. ಮತ್ತೊಂದು ಹನಿ ಹಾಕಿದೆ, ಅದೇ ಆಯಿತು. ಇಂಥ ಗುಳ್ಳೆ ಬಂದರೆ ನೀರು ಶೇಕಡಾ 0.05ರಿಂದ 0.1ರ ಆಸುಪಾಸು ಅಂತ ನಾವು ಲೆಕ್ಕ ಹಾಕುತ್ತೇವೆ. ಇದು ಅಂದಾಜು, ಲ್ಯಾಬ್ ವರದಿ ಅಲ್ಲ. ಕಾರು ಕೆಡುವಷ್ಟಲ್ಲ. ಆದರೆ ಆ ನೀರಿನ ಜೊತೆ ಗೇರು, ಬೇರಿಂಗು ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ನಿಂತರೆ ತುಕ್ಕಿನ ಚುಕ್ಕೆ ಬೀಳುವುದು ಅಲ್ಲಿಂದಲೇ.

ಗೇರ್‌ಬಾಕ್ಸ್ ಎಣ್ಣೆಯ ಹೊಳಪು ಹಳದಿ. ಮ್ಯಾಗ್ನೆಟ್‌ಗೆ ಅಂಟಿಲ್ಲ, ಎಣ್ಣೆಯಲ್ಲೇ ತೇಲುತ್ತಿದೆ. ಸಿಂಕ್ರೋ ರಿಂಗಿನ ಪುಡಿ ಇರಬೇಕು. ಧೂಳಿನಷ್ಟು ಸಣ್ಣದಿದೆ, ಮೊದಲ ಎಣ್ಣೆಯಲ್ಲಿ ಇದು ಸಹಜ. ಚಕ್ಕೆ ಅಥವಾ ಸೂಜಿಯಂಥ ತುಂಡು ಸಿಕ್ಕಿದ್ದರೆ ಬೇರೆ ಮಾತು ಆಡಬೇಕಿತ್ತು.

ಮನೆಯಲ್ಲಿ ಯಾರಾದರೂ ಈ ಪರೀಕ್ಷೆ ಮಾಡುವುದಾದರೆ ಕನ್ನಡಕ ಹಾಕಿಕೊಳ್ಳಿ, ಹೊರಗಡೆ ಮಾಡಿ, ಒಂದೇ ಹನಿ ಸಾಕು. ಅಡುಗೆಯ ತವೆಯಲ್ಲಿ ಬೇಡ.

ಖಾನಾಪುರ_ಡೀಸೆಲ್

ಪಾಯಿಂಟ್ ಸಿಕ್ಕಿತು, ಸಾಕು. 😄 ಎರಡನೇ ಗೇರ್ ಈಗ ಹೇಗಿದೆ ಸರ್?

ಝಡ್_ಟಿಳಕವಾಡಿ

ಕ್ಲಚ್ ಮಾಡಿದಾಗ ಆದ ವ್ಯತ್ಯಾಸ ದೊಡ್ಡದು. ಗೇರ್ ಆಯಿಲ್‌ನಿಂದ ಆದದ್ದು ಸಣ್ಣದು. ಬೆಳಿಗ್ಗೆ ಮೊದಲ ಎರಡು ಮೂರು ಸಲ ಮಾತ್ರ ಸ್ವಲ್ಪ ಬಿಗಿ, ಆಮೇಲೆ ಬೆಣ್ಣೆ ಅಂತ ಸುಳ್ಳು ಹೇಳಲ್ಲ, ಆದರೆ ಚೆನ್ನಾಗಿದೆ. ಡಿಫರೆನ್ಶಿಯಲ್‌ನಿಂದ ಓಡಿಸುವಾಗ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಹೊಸ ಎಣ್ಣೆ ಹಾಕಿದ ಮೇಲೆ ಕಾರು ಹಗುರಾಯಿತು ಅನ್ನುವವರನ್ನು ನಾನು ನಂಬುವುದಿಲ್ಲ.

ಈಗ ನನ್ನ ಹತ್ತಿರ ಒಂದು ಕ್ಯಾನ್ ಹಳೆ ಎಣ್ಣೆ ಇದೆ. ಏನು ಮಾಡಲಿ?

ಅನಗೋಳ_ಬುಲೆಟ್

ನಮ್ಮ ಊರಲ್ಲಿ ಬೇಲಿ ಗೂಟಕ್ಕೆ ಬಳಿಯುತ್ತಾರೆ, ಗೆದ್ದಲು ಹತ್ತಲ್ಲ. ಕೊಡಿ, ಒಯ್ಯುತ್ತೇನೆ.

ಉದ್ಯಮಬಾಗ_ಹೈಡ್ರಾಲಿಕ್

ಬೇಡ ರೀ. ಗೆದ್ದಲು ಹತ್ತದಿರಬಹುದು, ಆದರೆ ಮಳೆಗೆ ತೊಳೆದು ಅದೇ ಹೊಲಕ್ಕೆ, ಅದೇ ಬಾವಿಗೆ ಇಳಿಯುತ್ತದೆ. ಲೋಹದ ಪುಡಿ ಸಮೇತ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ. 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವವರೇ ಮರುಬಳಕೆಯ ಹೊಣೆ ಹೊರಬೇಕು ಅಂತಲೂ ಆಗಿದೆ. ಹಾಗಾಗಿ ಹಳೆ ಎಣ್ಣೆಗೆ ಈಗ ಬೆಲೆ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೆ ಎಣ್ಣೆ ಕೊಡುವ ವರ್ಕ್‌ಶಾಪ್ ಹುಡುಕಿ, ಅವರ ಬ್ಯಾರಲ್‌ಗೆ ಸುರಿದು ಬನ್ನಿ. ಕ್ಲಚ್ ಫ್ಲೂಯಿಡ್ ಮಾತ್ರ ಅದರಲ್ಲಿ ಬೆರೆಸಬೇಡಿ, ಬೇರೆ ಬಾಟಲಿಯಲ್ಲಿ ಕೊಡಿ.

ಅನಗೋಳ_ಬುಲೆಟ್

ಸರಿ, ಗೂಟಕ್ಕೆ ಬೇರೆ ದಾರಿ ನೋಡುತ್ತೇನೆ. ಉಳಿದ ಹೊಸ ಎಣ್ಣೆ ಇದೆಯಾ? ಅಪ್ಪನ ಹಳೇ ಜೀಪಿಗೆ ಬರುತ್ತದಾ?

ಝಡ್_ಟಿಳಕವಾಡಿ

ಜಿಎಲ್-5 ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಇದೆ. ಹೌಸಿಂಗಿಗೆ ಜೀಪಿನ ಪುಸ್ತಕದಲ್ಲೂ ಇದೇ ಗ್ರೇಡ್ ಇದ್ದರೆ ಟಾಪ್ ಅಪ್‌ಗೆ ಒಯ್ಯಿರಿ. ಗೇರ್‌ಬಾಕ್ಸಿಗೆ ಹಾಕಬೇಡಿ. ಡಾಟ್ 4 ಕೂಡ ಉಳಿದಿದೆ, ಅದನ್ನು ಕೊಡಲ್ಲ. ಬಾಯಿ ತೆಗೆದ ಡಬ್ಬಿ, ಹೊರಗೆ ಮಳೆ. ನಿಮ್ಮ ಕೈಗೆ ಬರುವ ಹೊತ್ತಿಗೆ ಅದು ನೀರು ಕುಡಿದಿರುತ್ತದೆ.

ಗ್ಯಾರೇಜ್_ಕಾಕಾ

ಜೀಪು ತಗೊಂಡು ಬಾ, ಹೌಸಿಂಗ್ ನಾನು ನೋಡುತ್ತೇನೆ. ಫಿಲ್ಲರ್ ಬೋಲ್ಟ್ ಮಾತ್ರ ಬರುವ ಮೊದಲೇ ಮುಟ್ಟಬೇಡ.